ಸೊಲ್ಲಾಪುರದ ಮೌನೇಶ

ನದಿಯ ದಂಡೆಯ ಮೇಲೊಂದು ವಿಶ್ವವಿದ್ಯಾಲಯ. ಅಲ್ಲಿ ಇನಾಮದಾರ ಎಂಬ ಗುರುಗಳು ಕಂಪ್ಯೂಟರ್ ಜಾಲಗಳ ಪಾಠ ಹೇಳುತ್ತಿದ್ದರು. ಒಂದು ಯಂತ್ರದಿಂದ ಹೊರಟ ಸಂದೇಶ ನಡುವಿನ ನೂರು ಯಂತ್ರ ದಾಟಿ ಸರಿಯಾದ ಬಾಗಿಲನ್ನೇ ಹೇಗೆ ತಟ್ಟುತ್ತದೆ ಎಂಬುದು ಅವರ ವಿಷಯ.

ಜಗತ್ತಿನ ಮೂಲೆಮೂಲೆಗೂ ದಾರಿ ಹೇಳಿಕೊಡುವ ಮನುಷ್ಯ. ಸಂಜೆ ಕ್ವಾರ್ಟರ್ಸಿಗೆ ಹೋದರೆ ಮಾತಾಡಿಸುವವರು ಒಬ್ಬರೂ ಇರಲಿಲ್ಲ.

ಅವರ ಕೈಕೆಳಗೆ ಸಂಶೋಧನೆ ಮಾಡುವ ಶಿಷ್ಯರು ಇಬ್ಬರು, ಶಿವಲೀಲಾ ಮತ್ತು ಮೌನೇಶ. ಮೂರು ವರ್ಷ ಒಂದೇ ಲ್ಯಾಬಿನಲ್ಲಿ, ಒಂದೇ ಮೇಜಿನ ಎರಡು ಬದಿಗೆ ಕೂತು ಕೆಲಸ ಮಾಡಿದವರು.

ಈಗ ಶಿವಲೀಲಾ ಒಬ್ಬಳೇ ಉಳಿದಿದ್ದಳು. ಎದುರಿನ ಕುರ್ಚಿಯನ್ನು ತೆಗೆದಿಡಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಆದದ್ದು ಇಷ್ಟೇ. ಒಂದು ದಿನ ಮೌನೇಶ ತನ್ನ ಕೆಲಸವನ್ನು ಎಲ್ಲರೆದುರು ತೋರಿಸಿದ. ಅದರಲ್ಲಿ ತಪ್ಪಿತ್ತು. ಅದೇ ತಪ್ಪು, ಮೂರನೆಯ ಸಲ.

"ಇದು ನಿನ್ನ ಕೈಲೆ ಆಗೂ ಕೆಲಸ ಅಲ್ಲ," ಎಂದರು ಗುರುಗಳು. "ಬ್ಯಾರೆ ಏನರ ನೋಡ್ಕೊ."

ಸಿಟ್ಟಿನಲ್ಲಿ ಆಡಿದ ಮಾತು. ನಾಲ್ಕು ದಿನಕ್ಕೆ ತಿರುಗಿ ಬಂದಾನು ಎಂದುಕೊಂಡರು. ಚೀಲ ಹೆಗಲಿಗೇರಿಸಿ ಹೋದವನು ಬರಲಿಲ್ಲ. ಸೊಲ್ಲಾಪುರದಲ್ಲಿದ್ದಾನೆ ಎಂಬ ಸುದ್ದಿಯಷ್ಟೇ ಇತ್ತು. ಹಾಗೇ ಒಂದು ವರ್ಷವಾಯಿತು.

ಹೊಸ ವಿದ್ಯಾರ್ಥಿಗಳಿಗೆ ಪಾಠ ಶುರುವಾಯಿತು. ಗುರುಗಳದ್ದೊಂದು ಪದ್ಧತಿ ಇತ್ತು. ಮೊದಲ ವಾರ ಯಾರೂ ಕಂಪ್ಯೂಟರ್ ಮುಟ್ಟುವಂತಿಲ್ಲ. ಬೆಳಿಗ್ಗೆ ಎಲ್ಲರೂ ನದಿಯ ಮೆಟ್ಟಿಲ ಮೇಲೆ ಸಾಲಾಗಿ ಕೂಡಬೇಕು. ಒಬ್ಬೊಬ್ಬರೂ ಒಂದೊಂದು ರೂಟರ್, ಅಂದರೆ ಸಂದೇಶಕ್ಕೆ ದಾರಿ ತೋರಿಸುವ ಪೆಟ್ಟಿಗೆ. ಪಕ್ಕದವರ ಜೊತೆ ಮಾತ್ರ ಮಾತು, ಅದೂ ಚೀಟಿ ಬರೆದು.

"ಪಕ್ಕದವರಷ್ಟ ಗೊತ್ತಿದ್ರ ದೂರದವರ ದಾರಿ ಹೆಂಗ ತಿಳೀತದರಿ ಸರ್?" ಒಬ್ಬ ವಿದ್ಯಾರ್ಥಿ ಕೇಳಿದ.

"ಪಕ್ಕದವರು ಹೇಳ್ತಾರ."

"ಅವರಿಗೆ ಯಾರ್ ಹೇಳ್ತಾರ್ರಿ?"

"ಅವರ ಪಕ್ಕದವರು."

"ಹಂಗಾರ ಎಲ್ಲಾ ಅಂತೆ-ಕಂತೆ ಅನ್ರಿ."

"ಜಾಲ ನಡದದ್ದ ಅದರ ಮ್ಯಾಲ," ಎಂದು ಗುರುಗಳು ನಕ್ಕರು. "ಆದ್ರ ಒಂದೊಂದ್ ಸಲ ಏನ್ ಆಗ್ತದ, ನೋಡ್ರಿ."

ಮೂವರನ್ನು ಮುಂದೆ ಕರೆದರು. ಒಂದು ತುದಿಗೆ ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ. ನಡುವೆ, ಪಾಠಕ್ಕೆ ನೆರವಾಗಲು ಬಂದಿದ್ದ ಶಿವಲೀಲಾ. ಇನ್ನೊಂದು ತುದಿಗೆ ಒಬ್ಬ ಹುಡುಗಿ.

ಶಿವಲೀಲಾ ತನ್ನ ಹಾಳೆಯಲ್ಲಿ ಬರೆದಳು: ಹುಡುಗಿಯನ್ನು ಮುಟ್ಟಲು ಒಂದು ಹೆಜ್ಜೆ. ಅವಳಿಂದ ಕೇಳಿದ ವಿದ್ಯಾರ್ಥಿ ತನ್ನ ಹಾಳೆಯಲ್ಲಿ ಬರೆದ: ಹುಡುಗಿಗೆ ಎರಡು ಹೆಜ್ಜೆ.

ಗುರುಗಳು ಹುಡುಗಿಯ ಕಿವಿಯಲ್ಲಿ ಹೇಳಿದರು, "ನೀ ಎದ್ದು ಕ್ಯಾಂಟೀನಿಗೆ ಹೋಗವಾ."

ಅವಳು ಹೋದಳು. ಪಕ್ಕದ ಜಾಗ ಖಾಲಿಯಾದದ್ದನ್ನು ಕಂಡು ಶಿವಲೀಲಾ ಹಾಳೆಯ ಸಾಲನ್ನು ಹೊಡೆದುಹಾಕಿದಳು. ಅಷ್ಟರಲ್ಲಿ ಇನ್ನೊಂದು ಬದಿಯ ವಿದ್ಯಾರ್ಥಿಯಿಂದ ಚೀಟಿ ಬಂತು. 'ಹುಡುಗಿಯ ದಾರಿ ನನಗೆ ಗೊತ್ತು. ಎರಡು ಹೆಜ್ಜೆ.'

ಪಕ್ಕದವರನ್ನು ನಂಬಬೇಕು ಎಂಬುದು ಆಟದ ನಿಯಮ. ಹಾಗಾದರೆ ಇವನ ಮೂಲಕ ಹೋದರೆ ಮೂರು ಹೆಜ್ಜೆ ಎಂದು ಬರೆದು ಅವಳು ಚೀಟಿ ಕಳಿಸಿದಳು. ಅವನು ಅದನ್ನು ಓದಿ ನಾಲ್ಕು ಮಾಡಿದ. ಅವಳು ಐದು ಮಾಡಿದಳು. ಅವನು ಆರು.

ಎಲ್ಲರೂ ನಗತೊಡಗಿದರು. ಚೀಟಿಗಳು ಹೋದವು, ಬಂದವು. ಇಬ್ಬರ ಹಾಳೆಯಲ್ಲೂ ಹುಡುಗಿ ಇದ್ದೇ ಇದ್ದಳು. ಹುಡುಗಿ ಮಾತ್ರ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದಳು.

"ಹದಿನಾರಕ್ಕ ನಿಲ್ಲಸ್ರಿ," ಎಂದರು ಗುರುಗಳು. "ಹದಿನಾರು ಅಂದ್ರ ದಾರಿನ ಇಲ್ಲ ಅಂತ ತಿಳ್ಕೋಬೇಕು. ಆ ಗೆರಿ ಇಲ್ಲಂದ್ರ ಇದು ಮುಗಿಯೂದ ಇಲ್ಲ."

"ಇವರೊಳಗ ಸುಳ್ಳ ಹೇಳಿದವರು ಯಾರ್ರಿ ಸರ್?"

"ಯಾರೂ ಇಲ್ಲ. ಇಬ್ಬರೂ ಕೇಳಿದ್ದನ್ನ ಹೇಳ್ಯಾರ."

"ಮತ್ತ ತಪ್ಪ ಎಲ್ಲಿ ಆತ್ರಿ?"

"ಯಾರಿಂದ ಕೇಳಿದ್ರೋ ಅವರಿಗೇ ತಿರುಗಿ ಹೇಳಿದ್ರು. ಅವರು ಅದನ್ನ ಹೊಸಾ ಸುದ್ದಿ ಅಂದ್ಕೊಂಡ್ರು."

ಎಲ್ಲರೂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಶಿವಲೀಲಾ ಬರೆಯಲಿಲ್ಲ. ಕೈಯಲ್ಲಿದ್ದ ಚೀಟಿಯನ್ನೇ ನೋಡುತ್ತ ಕೂತಳು.

ಪಾಠ ಮುಗಿದು ಎಲ್ಲರೂ ಎದ್ದುಹೋದರು. ಅವಳು ಏಳಲಿಲ್ಲ.

"ಯಾಕ, ಲ್ಯಾಬಿಗೆ ಹೋಗಂಗಿಲ್ಲೇನು?" ಗುರುಗಳು ಕೇಳಿದರು.

"ಸರ್, ಮೌನೇಶ ಸೊಲ್ಲಾಪುರದಾಗ ಅದಾನ ಅಂತ ನಿಮಗ ಯಾರ್ ಹೇಳಿದ್ರು?"

"ಅದೇನ್ ಕೇಳ್ತಿ? ನೀನ ಹೇಳಿದ್ದಿ."

"ನನಗ ಕ್ಯಾಂಟೀನ್ ಗುರುಪಾದಪ್ಪ ಹೇಳಿದಾರಿ."

"ಗುರುಪಾದಪ್ಪಗ ನಾನ ಹೇಳಿದ್ನಲ್ಲ," ಎಂದು ಗುರುಗಳು ನಕ್ಕರು.

ಶಿವಲೀಲಾ ನಗಲಿಲ್ಲ. ಅದನ್ನು ಕಂಡು ಅವರ ನಗೆಯೂ ನಿಂತಿತು.

ಗುರುಗಳು ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತರು. ಇಬ್ಬರೂ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ನೋಡಿದರು.

ಮೌನೇಶ ಹೋದ ಮೊದಲ ತಿಂಗಳು ಅವಳು ಒಂದು ಸಲ ಫೋನ್ ಮಾಡಿದ್ದಳು. ಹತ್ತಲಿಲ್ಲ. ಆ ಹೊತ್ತಿಗೇ ಗುರುಗಳು ಬಂದು, "ಮೌನೇಶ ಹೆಂಗದಾನ?" ಎಂದು ಕೇಳಿದ್ದರು. ಅವರ ಮುಖ ನೋಡಿ ಅವಳಿಗೆ ಸಂಕಟವಾಗಿ, "ಆರಾಮ ಇರಬೇಕ್ರಿ," ಎಂದಿದ್ದಳು.

ಗುರುಗಳು ಅದನ್ನು ಕ್ಯಾಂಟೀನಿನಲ್ಲಿ ಗುರುಪಾದಪ್ಪನಿಗೆ ಹೇಳುವಾಗ, "ಆರಾಮ ಅದಾನಂತ," ಎಂದರು. ಜೊತೆಗೆ ತಮ್ಮ ಸಮಾಧಾನಕ್ಕೆ ಒಂದು ಮಾತು ಸೇರಿಸಿದರು. "ಸೊಲ್ಲಾಪುರದ ಕಡೆ ಭಾಳ ಕಾಲೇಜ ಅವ. ಎಲ್ಲೆರ ಪಾಠ ಮಾಡ್ತಿರಬೇಕು."

ಗುರುಪಾದಪ್ಪ ಚಹಾ ಕೊಡುತ್ತ ಶಿವಲೀಲಾಗೆ ಹೇಳಿದ, "ನಿಮ್ಮ ಗೆಳೆಯಾ ಸೊಲ್ಲಾಪುರದಾಗ ಮಾಸ್ತರ ಆಗ್ಯಾನಂತಲ್ರಿ." ಅವಳು ಓಡಿಬಂದು ಅದನ್ನು ಗುರುಗಳಿಗೆ ಹೇಳಿದಳು. ಗುರುಗಳಿಗೆ ಬಹಳ ಸಂತೋಷವಾಯಿತು. ತಮ್ಮದೇ ಊಹೆ ತಮ್ಮ ಬಾಗಿಲಿಗೆ ಬಂದದ್ದು ಅವರಿಗೆ ಗುರುತೇ ಸಿಗಲಿಲ್ಲ.

ಹೀಗೆ ಸುದ್ದಿ ತಿರುಗುತ್ತ ಬೆಳೆದು, ಶ್ರಾವಣದ ಹೊತ್ತಿಗೆ ಸೊಲ್ಲಾಪುರದ ಮೌನೇಶನಿಗೆ ಕಾಯಂ ನೌಕರಿಯಾಗಿತ್ತು. ಬಾಡಿಗೆ ಮನೆ ಸಿಕ್ಕಿತ್ತು. ಇಬ್ಬರೂ ಸೇರಿ ಅವನಿಗೆ ಹೆಣ್ಣನ್ನೂ ಗೊತ್ತುಮಾಡಿಬಿಟ್ಟಿದ್ದರು.

"ಆ ಸುದ್ದಿ ಕೇಳಿ ನಾ ಪೇಡೆ ತಂದಿದ್ನಿರಿ ಸರ್," ಎಂದಳು ಶಿವಲೀಲಾ.

"ಹೌದು. ನಾ ಎರಡು ತಿಂದೆ."

ನದಿಯ ನೀರು ಕೆಳಗಿನ ಮೆಟ್ಟಿಲಿಗೆ ಬಡಿಯುತ್ತಿತ್ತು. 

"ಮೂರ್ ವರ್ಷ ಎದುರಿಗೆ ಕೂತಾಕಿ ನಾ," ಅವಳ ಕಣ್ಣು ತುಂಬಿತ್ತು. "ಒಂದ್ ಸಲ ಫೋನ್ ಹತ್ತಲಿಲ್ಲ, ಅಷ್ಟಕ್ಕ ಬಿಟ್ಟೆ. ಹೆಂಗೂ ನಿಮಗ ಗೊತ್ತದಲ್ಲ ಅಂದ್ಕೊಂಡೆ."

"ನಿನಗ ಗೊತ್ತದ ಅಂತ ನಾ ಅಂದ್ಕೊಂಡೆ."

"ಹಂಗಾರ ಖರೇ ಅಂದ್ರ ಅವಾ ಎಲ್ಲದಾನ ಸರ್? ಅದಾನೋ ಇಲ್ಲೋ?"

ಗುರುಗಳು ಎದ್ದು ವಿಭಾಗದ ಆಫೀಸಿಗೆ ಹೋದರು. ಮೌನೇಶನ ಪ್ರವೇಶದ ಅರ್ಜಿಯನ್ನು ಹುಡುಕಿ ತೆಗೆಸಿದರು. ಅದರಲ್ಲಿದ್ದ ಊರಿನ ಹೆಸರು ಓದಿಕೊಂಡು, ಹಾಗೇ ಗೇಟಿನ ಕಡೆ ನಡೆದರು. ಅವಳು ಹಿಂದೆ ಓಡಿದಳು.

"ಎಲ್ಲಿಗ್ರಿ ಸರ್?"

"ಬಸ್ ಸ್ಟ್ಯಾಂಡಿಗೆ."

"ಮೊದಲ ಆ ಊರಾಗ ಯಾರಿಗೆರ ಫೋನ್ ಮಾಡಿ ಕೇಳೂಣ್ರಿ."

"ಮತ್ತ ಯಾರಿಗೋ ಕೇಳೂದ?"

ಅವಳೂ ಅವರ ಹಿಂದೆಯೇ ಬಸ್ ಹತ್ತಿದಳು.

ಊರು ನದಿಯ ಮೇಲ್ಗಡೆ, ಎರಡು ತಾಸಿನ ದಾರಿ. ಬಸ್ಸಿನಲ್ಲಿ ಶಿವಲೀಲಾ ಕಿಟಕಿಯ ಕಡೆ ಮುಖ ಮಾಡಿ ದೇವರನ್ನು ಬೇಡಿಕೊಂಡಳು. ನೌಕರಿ ಬೇಡ, ಹೆಣ್ಣು ಬೇಡ, ಜೀವಂತ ಇದ್ದರೆ ಸಾಕು. ಗುರುಗಳು ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಅಂಜಿಕೆ ಅವರಿಗೂ ಇತ್ತು. ಅವರು ಅವಳಿಗೆ ಧೈರ್ಯ ಹೇಳಲಿಲ್ಲ, ಅವಳೂ ಅವರಿಗೆ ಹೇಳಲಿಲ್ಲ.

ಊರಿನಲ್ಲಿ ಮನೆಗೆ ಕೀಲಿ ಹಾಕಿತ್ತು. ಎದುರುಮನೆಯ ಮುದುಕಿ ಹೊಳೆಯ ಕಡೆ ಕೈ ಮಾಡಿ ತೋರಿಸಿದಳು.

ಹೊಳೆಯ ನೀರಿನಲ್ಲಿ ಅಂಕಿ ಬರೆದ ಒಂದು ಕಂಬ. ದಂಡೆಯ ಮೇಲೆ ಒಂದೇ ಒಂದು ಕೋಣೆ. ಸುತ್ತ ಎಲ್ಲಿ ನೋಡಿದರೂ ಮನುಷ್ಯರ ಸುಳಿವಿಲ್ಲ. ಕೋಣೆಯ ಕಟ್ಟೆಯ ಮೇಲೆ ಗಡ್ಡ ಬಿಟ್ಟ ಒಬ್ಬ ಕೂತಿದ್ದ.

ಶಿವಲೀಲಾ ಅವನನ್ನು ಕಂಡು ನಿಂತಲ್ಲೇ ಅತ್ತಳು.

ಮೌನೇಶ ಗಡಬಡಿಸಿ ಎದ್ದು ಕೈಮುಗಿದ. "ಬರ್ರಿ ಸರ್," ಎಂದ. ದನಿ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಹೇಳಿದ. ಮಾತಾಡುವ ರೂಢಿಯೇ ತಪ್ಪಿತ್ತು.

ಅವನ ಬಳಿ ಇದ್ದದ್ದು ಒಂದೇ ಲೋಟ. ಗುರುಗಳಿಗೆ ಲೋಟದಲ್ಲಿ, ಶಿವಲೀಲಾಗೆ ಬಟ್ಟಲಲ್ಲಿ ಚಹಾ ಕೊಟ್ಟ. ತಾನು ಕುಡಿಯಲಿಲ್ಲ.

"ಇಲ್ಲೇನ್ ಕೆಲಸ?" ಗುರುಗಳು ಕೇಳಿದರು.

"ದಿನಾ ಮೂರ್ ಸಲ ಕಂಬ ನೋಡೂದ್ರಿ. ನೀರ ಎಲ್ಲಿತನ ಬಂದೈತಿ ಅಂತ ನೀರಾವರಿ ಆಫೀಸಿಗೆ ಫೋನ್ ಮಾಡೂದು."

"ಇಷ್ಟ್ಯಾಕ ಸೊರಗೀದಿ?"

"ಶ್ರಾವಣದಾಗ ಕಾಮಣಿ ಆಗಿತ್ರಿ. ಕಣ್ಣೆಲ್ಲಾ ಹಳದಿ ಆಗಿ ಒಂದ್ ತಿಂಗಳ ಮಲಗಿದ್ದೆ."

"ಯಾರ್ ನೋಡ್ಕೊಂಡ್ರು?"

"ಇಲ್ಲಿ ಯಾರದಾರ್ರಿ."

ಶಿವಲೀಲಾ ಬಟ್ಟಲನ್ನು ಕೆಳಗಿಟ್ಟಳು. ಅವಳು ಪೇಡೆ ತಂದದ್ದೂ ಶ್ರಾವಣದಲ್ಲೇ.

"ನಮಗೊಂದ್ ಮಾತ ತಿಳಸಬಾರದಾಗಿತ್ತೇನು?" ಎಂದು ಅವಳು ಕೇಳಿದಳು.

"ಸರ್ ಬ್ಯಾರೆ ನೋಡ್ಕೊ ಅಂದಿದ್ರಲ್ಲ. ನಾ ಹೊಂಟ ಮ್ಯಾಲ ನನ್ನ ಹೆಸರ ಹೊಡದ ಹಾಕಿರ್ತಾರ ಅಂದ್ಕೊಂಡೆ."

ಅಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ, ನೀರು ನೋಡುವ ಹೊತ್ತಾಯಿತು. ಮೌನೇಶ, "ಒಂದ್ ನಿಮಿಷರಿ," ಎಂದು ದಂಡೆಗಿಳಿದು ಕಂಬ ನೋಡಿ ಬಂದ. ಫೋನ್ ಹಚ್ಚಿದ.

"ನಾಕ್ ಮೀಟರ್ ಇಪ್ಪತ್ರಿ," ಎಂದ.

ಆಚೆಯಿಂದ, "ಹ್ಞಾ," ಎಂದರು. ಫೋನ್ ಕಟ್ಟಾಯಿತು.

"ಇಷ್ಟ?" ಗುರುಗಳು ಕೇಳಿದರು.

"ಇಷ್ಟರಿ."

"ಹೆಂಗದೀ ಅಂತ ಕೇಳೂದಿಲ್ಲೇನು?"

"ನೀರ ಹೆಂಗೈತಿ ಅಂತ ಕೇಳ್ತಾರ್ರಿ."

ಗುರುಗಳು ತಲೆ ತಗ್ಗಿಸಿದರು. ಶಿವಲೀಲಾ ಅವರನ್ನು ಹಾಗೆ ಎಂದೂ ನೋಡಿರಲಿಲ್ಲ.

ಮೌನೇಶ ಅವರ ಎದುರು ನೆಲದ ಮೇಲೆ ಕೂತ. ಕೇಳಲೋ ಬೇಡವೋ ಎಂದು ಬಹಳ ಹೊತ್ತು ಒದ್ದಾಡಿ ಕೊನೆಗೆ ಕೇಳಿದ.

"ಇಲ್ಲಿತನ ನನ್ನ ನೆನಪರ ಆಗಿತ್ತೇನ್ರಿ ಸರ್?"

"ವರ್ಷ ಪೂರ್ತಿ ನಿನ್ನ ಸುದ್ದಿ ಕೇಳ್ಕೋತನ ಇದ್ದೆ."

"ಖರೇನರಿ?" ಮೌನೇಶನ ಮುಖ ಅರಳಿತು. "ಯಾರಿಗೆ ಕೇಳಿದ್ರಿ?"

ಗುರುಗಳು ಅವನ ಬಡಕಲು ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಹೇಳಿದರು:

"ನಿನ್ನ ಒಬ್ಬನ್ನ ಬಿಟ್ಟು, ಎಲ್ಲಾರಿಗೂ."