ಗೀರು ಬಿದ್ದ ಸಿಡಿ

“ಗುರುಗಳೇ, ಈ ವರ್ಷ ಸಂಗೀತ ಶಾಲೆಗೆ ಚುರುಕಾದವರನ್ನಷ್ಟೇ ಸೇರಿಸಿಕೊಂಡರೆ ತಪ್ಪೇ?” ಎಂದು ಗುರುಪಾದ ಕೇಳಿದ. ಮಠದ ಶಾಲೆಯಲ್ಲಿ ಹಾಡು ಕಲಿಸುವ ಹೊಣೆ ಅವನದು. “ತಡವರಿಸುವವರಿಂದ ಉಳಿದವರ ಪಾಠವೂ ಕೆಡುತ್ತದೆ. ಅಂಥವರನ್ನು ಮನೆಗೆ ಕಳಿಸಿಬಿಡೋಣ ಅಂತಿದ್ದೇನೆ.”

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಹಾಡುಗಾರ್ತಿ ಇದ್ದಳು. ಅವಳ ಮನೆಯಲ್ಲಿ ಎರಡು ಟ್ರಂಕಿನ ತುಂಬ ಸಂಗೀತದ ಸಿಡಿಗಳಿದ್ದವು. ಅವನ್ನು ಹಾಡಿಸುತ್ತಿದ್ದ ಪ್ಲೇಯರ್ ಕೆಟ್ಟುಹೋಯಿತು. ಹೊಸದನ್ನು ಕೊಳ್ಳಲು ಪೇಟೆಯಲ್ಲಿ ಒಬ್ಬ ವ್ಯಾಪಾರಿಯ ಅಂಗಡಿಗೆ ಹೋದಳು.

ಎರಡು ಟ್ರಂಕು ಎಂದ ಕೂಡಲೇ ವ್ಯಾಪಾರಿ ಎಲ್ಲಕ್ಕಿಂತ ದೊಡ್ಡ ಯಂತ್ರವನ್ನು ಮುಂದಿಟ್ಟ. “ಅಮ್ಮಾ, ಇದರಲ್ಲಿ ಮುನ್ನೂರು ಸಿಡಿ ಒಟ್ಟಿಗೆ ತುಂಬಬಹುದು. ಕೂತಲ್ಲಿಂದಲೇ ಗುಂಡಿ ಒತ್ತಿದರಾಯಿತು.”

ಅವಳು ಚೀಲದಿಂದ ಒಂದು ಸಿಡಿ ತೆಗೆದು ಕೊಟ್ಟಳು. ಅದರ ಮೈತುಂಬ ಗೀರು. ಅವಳ ತಾಯಿ ಅವಳಿಗೆ ಪಾಠ ಹೇಳುವಾಗ ಧ್ವನಿ ಮುದ್ರಿಸಿದ್ದು ಅದು. ತಾಯಿ ಈಗಿಲ್ಲ, ಆ ದನಿ ಬೇರೆಲ್ಲೂ ಉಳಿದಿಲ್ಲ. ಪ್ಲೇಯರಿಗೆ ಹಾಕಿ ತೆಗೆದು, ಹಾಕಿ ತೆಗೆದೇ ಗೀರು ಬಿದ್ದಿದ್ದವು. ಟ್ರಂಕಿನಲ್ಲಿ ಹೊಳೆಯುತ್ತಿದ್ದ ಸಿಡಿಗಳನ್ನು ಅವಳು ಅಷ್ಟಾಗಿ ಮುಟ್ಟುತ್ತಲೇ ಇರಲಿಲ್ಲ. ನಿನಗೆ ಇದು ಗೊತ್ತಿರಲಿ, ಗುರುಪಾದ.

ದೊಡ್ಡ ಯಂತ್ರ ಸಿಡಿಯನ್ನು ಒಳಗೆಳೆದುಕೊಂಡು ಹೊರಗೆ ದಬ್ಬಿತು. ವ್ಯಾಪಾರಿ ಅದನ್ನು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿದ. ಮತ್ತೆ ದಬ್ಬಿತು.

“ಯಂತ್ರದ್ದೇನೂ ತಪ್ಪಿಲ್ಲಮ್ಮ, ಸಿಡಿ ಹಾಳಾಗಿದೆ. ಎಸೆದುಬಿಡಿ. ಉಳಿದವೆಲ್ಲ ಚೆನ್ನಾಗಿವೆಯಲ್ಲ?”

“ಚೆನ್ನಾಗಿರೋದು ಯಾವುದರಲ್ಲಿ ಹಾಕಿದರೂ ಹಾಡುತ್ತೆ. ಅದಕ್ಕೆ ನಿಮ್ಮ ಅಂಗಡೀವರೆಗೆ ಬರಬೇಕಿತ್ತಾ? ಇದನ್ನ ಹಾಡಿಸೋ ಪ್ಲೇಯರ್ ಕೊಡಿ,” ಎಂದು ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು.

ಅಂಗಡಿಯಲ್ಲಿದ್ದವರು ನಕ್ಕರು. ನಗುವವರಿಗೇನು, ಅವರ ತಾಯಿ ಆ ಸಿಡಿಯಲ್ಲಿರಲಿಲ್ಲ. ವ್ಯಾಪಾರಿ ಒಂದಾದ ಮೇಲೊಂದು ಪ್ಲೇಯರ್ ತಂದಿಟ್ಟ. ಹೊಳೆಯುವವೆಲ್ಲ ಆ ಸಿಡಿಯನ್ನು ಉಗುಳಿದವು. ಅವನು ಗೊಣಗಿದ, ಬೆವರಿದ. ಅವಳು ಏಳಲಿಲ್ಲ.

ಕೊನೆಗೆ ಅವನು ಅಟ್ಟದಿಂದ ಧೂಳು ಹಿಡಿದ ಒಂದು ಪ್ಲೇಯರ್ ಇಳಿಸಿದ. ಯಾರೂ ಕೇಳದೆ ಬಹಳ ಕಾಲದಿಂದ ಅಲ್ಲಿ ಬಿದ್ದಿತ್ತು. ಅದು ಸಿಡಿಯನ್ನು ತಿರುಗಿಸಿತು, ತಡವರಿಸಿತು, ನಿಂತಿತು, ಪುನಃ ಹುಡುಕಿತು. ಆದರೆ ಹೊರಗೆ ದಬ್ಬಲಿಲ್ಲ. ಆಮೇಲೆ ದನಿ ಬಂತು. ಮಗಳು ಹಾಡುತ್ತಾ ಸ್ವರ ತಪ್ಪುತ್ತಾಳೆ. ತಾಯಿ ಹೇಳುತ್ತಾಳೆ: “ಇರಲಿ. ಮತ್ತೆ ಹಾಡು.”

ಹಾಡುಗಾರ್ತಿಯ ಕಣ್ಣು ತುಂಬಿತು.

ವ್ಯಾಪಾರಿ ಇನ್ನೂ ಬಿಡಲಿಲ್ಲ. “ಇದರಲ್ಲಿ ಒಂದು ಸಲಕ್ಕೆ ಒಂದೇ ಸಿಡಿ ಹಿಡಿಯೋದು. ಪ್ರತಿ ಸಲ ನೀವೇ ಎದ್ದು ಬರಬೇಕು. ಎರಡು ಟ್ರಂಕಿಗೆ ಇದು ಸಾಲುತ್ತಾ ಅಮ್ಮಾ?”

“ಎದ್ದು ಬರ್ತೀನಿ,” ಎಂದು ಅವಳು ಪ್ಲೇಯರನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ, “ಆದರೆ ಗುರುಗಳೇ, ತಡವರಿಸುವವರ ಜೊತೆ ಅಷ್ಟು ಹೊತ್ತು ಯಾರು ಕೂರುತ್ತಾರೆ?” ಎಂದ.

ಗುರುಗಳು ಅವನ ಮುಖವನ್ನೇ ನೋಡಿದರು.

“ನೀನು ಈ ಮಠಕ್ಕೆ ಬಂದ ವರ್ಷ, ಮೊದಲ ಪಾಠದ ಒಂದೇ ಒಂದು ಸಾಲಿಗೆ ನಾನು ಎಷ್ಟು ಸಲ ‘ಮತ್ತೆ ಹಾಡು’ ಅಂದಿದ್ದೆ, ಗುರುಪಾದ?”