ಊದುಬತ್ತಿ ಕೇರಿಯ ಮುಚ್ಚಿದ ಕಿಟಕಿ

ಡಂಗುರದವನು ಬೀದಿಬೀದಿಯಲ್ಲೂ ಸಾರಿದ: "ಊದುಬತ್ತಿ ಕೇರಿಯ ಜನ ಕೆಮ್ಮಿ ಕೆಮ್ಮಿ ಸಾಯುತ್ತಿದ್ದಾರೆ. ಕಾರಣ ಅರಮನೆಗೆ ತಿಳಿಯದು. ರಾಜರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ."

ಆ ಕೇರಿಯ ಚಿಕ್ಕೀರ ಅವ್ವನ ಜತೆ ಒಂದೇ ಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದ. ಅಲ್ಲೇ ಒಲೆ, ಅಲ್ಲೇ ಹಾಸಿಗೆ, ಅಲ್ಲೇ ಕಡ್ಡಿಗೆ ಮೆತ್ತುವ ಇದ್ದಿಲ ಪುಡಿಯ ಮೂಟೆ. ಅವ್ವ ಉಗುಳಿದರೆ ಕಪ್ಪು ಬೀಳುತ್ತಿತ್ತು. ಅವನು ಎದ್ದು ಹೊರಟ.

"ತಲೆ ಹೋದರೆ ಏನೋ ಮಾಡ್ತೀಯ?"

"ಇಲ್ಲೇ ಕೂತರೂ ಹೋಗೋದೇ ಕಣವ್ವ. ನಿಧಾನಕ್ಕೆ ಹೋಗ್ತದೆ, ಅಷ್ಟೆ."

ಮೊದಲ ಎರಡು ಒಗಟು ಆ ಕೇರಿಯ ಮುದುಕಿಯೊಬ್ಬಳು ಸಾಯುವಾಗ ಆಡಿದ ಮಾತು. ತುಂಬಿದ ಸಭೆಯಲ್ಲಿ ರಾಜ ಕೇಳಿದ: "ಕಿಟಕಿ ಮುಚ್ಚಿದರೆ ಉಸಿರು ಹೋಗುತ್ತದೆ, ತೆರೆದರೆ ಅನ್ನ ಹೋಗುತ್ತದೆ. ಏನದು?"

ದಳಪತಿಯ ಮಗ "ದೀಪ" ಎಂದ. ಅವನನ್ನು ಎಳೆದೊಯ್ದರು.

"ಇದ್ದಿಲ ಪುಡಿ," ಎಂದ ಚಿಕ್ಕೀರ. "ಗಾಳಿಗೆ ಹಾರಿದರೆ ಪುಡಿ ಕೊಟ್ಟ ಸಾಹುಕಾರ ಕೂಲಿ ಕೊಡಲ್ಲ. ಅದಕ್ಕೇ ಕಿಟಕಿ ಮುಚ್ಚಿ ಪುಡಿ ಕುಡೀತೀವಿ."

"ಊರಿಗೆಲ್ಲ ಪರಿಮಳ, ಹುಟ್ಟಿದ ಮನೆಗೆ ಕೆಮ್ಮು. ಯಾವುದು?" ಎಂದ ರಾಜ.

ಆಸ್ಥಾನದ ಕವಿ "ಸಂಪಿಗೆ" ಎಂದ. ಅವನೂ ಹೋದ.

"ನಿಮ್ಮ ದೇವರ ಮುಂದೆ ಉರೀತಿದೆಯಲ್ಲ, ಆ ಊದುಬತ್ತಿ," ಎಂದ ಚಿಕ್ಕೀರ.

ಮೂರನೆಯದು ರಾಜನದೇ. "ನನ್ನ ಶುಚಿ ಅಧಿಕಾರಿ ಮನೆಮನೆ ಹೊಕ್ಕು ನೋಡಿದ. ಎಲ್ಲ ಚೊಕ್ಕ ಅಂದ. ಆದರೂ ಹೆಣ ಬೀಳುತ್ತಿವೆ. ಅವನ ಕಣ್ಣಿಗೆ ಬೀಳದ್ದು ಯಾವುದು?"

"ಹಣೆಬರಹ," ಎಂದುಬಿಟ್ಟ ಅಧಿಕಾರಿ. ಭಟರು ಅವನ ತೋಳು ಹಿಡಿದರು.

ಸಭೆಯಲ್ಲೇ ಕೂತಿದ್ದ ಸಾಹುಕಾರ ಎದ್ದು ಬಂದು ಚಿಕ್ಕೀರನ ಕಿವಿಗೆ ಬಾಗಿದ. "ಬಾಯಿಬಿಟ್ಟರೆ ನಾಳೆಯಿಂದ ಒಂದು ಮನೆಗೂ ಪುಡಿ ಇಳಿಯಲ್ಲ, ಮರಿ."

ಹೇಳಿದರೆ ಕೇರಿಗೆ ಅನ್ನವಿಲ್ಲ. ಹೇಳದಿದ್ದರೆ ತನಗೆ ತಲೆಯಿಲ್ಲ. ಚಿಕ್ಕೀರ ಸಾಹುಕಾರನಿಂದ ಒಂದು ಹೆಜ್ಜೆ ಸರಿದ. ಆಮೇಲೆ ಬಾಯಿಬಿಟ್ಟ.

"ನಾವೇ ಬಚ್ಚಿಟ್ಟದ್ದು, ಬುದ್ಧಿ. ಅಧಿಕಾರಿ ಬರುವ ಮುಂಚೆ ಅವರ ಡಂಗುರ ಬರುತ್ತದೆ. ಮೂಟೆ ಹಿತ್ತಿಲಿಗೆ ಸಾಗಿಸಿ, ನೆಲ ಸಾರಿಸಿ, ನಾಲ್ಕು ಬತ್ತಿ ಹಚ್ಚಿಡ್ತೀವಿ. ಅವರು ಮೂಗು ಅರಳಿಸಿ ಹೋಗ್ತಾರೆ. ಬಚ್ಚಿಡದಿದ್ದರೆ ಸಾಹುಕಾರ ಕೆಲಸ ಕಿತ್ಕೋತಾನೆ. ಹೇಳದೆ ಕೇಳದೆ ಒಂದು ದಿನ ನೀವೇ ಬಂದಿದ್ದರೆ ಒಗಟು ಯಾಕೆ ಬೇಕಿತ್ತು?"

ರಾಜ ತಲೆತಗ್ಗಿಸಿದ. "ಏನು ಬೇಕು, ಕೇಳು."

"ಕೆಲಸ ನಿಲ್ಲಬಾರದು. ಮನೆಯೊಳಗೆ ಮಾತ್ರ ಬೇಡ. ಕೇರಿ ತುದಿಗೆ ಗಾಳಿಯಾಡುವ ಚಾವಡಿ ಆಗಲಿ, ಸಾಹುಕಾರರ ಖರ್ಚಲ್ಲಿ. ಹಾರಿದ ಪುಡಿಯ ನಷ್ಟವೂ ಅವರದೇ."

ಚಾವಡಿ ಎದ್ದಿತು. ಮೂಟೆಗಳೆಲ್ಲ ಆಚೆ ಹೋದ ದಿನ ಚಿಕ್ಕೀರನ ಅವ್ವ ಕೋಣೆಯ ನಡುವೆ ಕಾಲು ಚಾಚಿ ಮಲಗಿದಳು. ಕಣ್ಣು ಮುಚ್ಚಿತ್ತು. ಅವಳ ಬೆರಳು ಮಾತ್ರ ಅಲ್ಲಿಲ್ಲದ ಕಡ್ಡಿಯನ್ನು ಹೊಸೆಯುತ್ತಲೇ ಇದ್ದವು.