ಕೂತಲ್ಲಿ ಕೂರದ ಕಾಟವ್ವ

ಒಂದಾನೊಂದು ಕಾಲದಲ್ಲಿ, ಆನೆ ನಡೆಯೋ ದಾರೀಲೇ ಮನುಷ್ಯರೂ ನಡೀತಿದ್ದ ಕಾಲದಲ್ಲಿ, ನವಿಲುಬಂಡೆ ಅಂತ ಒಂದು ಕೋಟೆ ಇತ್ತಂತೆ. ಅಲ್ಲಿ ಬೊಮ್ಮಣ್ಣ ನಾಯಕ ಅಂತ ಪಾಳೇಗಾರ, ಹದಿನೆಂಟು ಹಳ್ಳಿಗೆ ಅವನೇ ಯಜಮಾನ. ಅವನಿಗೆ ಒಬ್ಬಳೇ ಮಗಳು. ಮನೆದೇವರು ಕಾಟಯ್ಯನ ಹೆಸರಲ್ಲಿ ಕಾಟವ್ವ ಅಂತ ಕರೆದರಂತೆ. ಆ ಹೆಸರು ಎಷ್ಟು ಸರಿಯಾಗಿ ಹೊಂದಿತು ಅಂದರೆ, ಅವಳ ಕಾಟ ತಡೀಲಾರದೆ ಕೋಟೆ ದಾಸಿಯರು ತಿಂಗಳಿಗೊಬ್ಬರು ಬದಲಾಗ್ತಿದ್ದರಂತೆ.

ಕೆಟ್ಟ ಹುಡುಗಿ ಅಲ್ಲ ಮಗ. ಕೂತಲ್ಲಿ ಕೂರೋಳಲ್ಲ, ಅಷ್ಟೇ. ಚಾಪೆ ಮೇಲೆ ಕೂರಿಸಿದರೆ ಚಾಪೆಯ ಎಳೆ ಕೀಳೋಳು, ಆಮೇಲೆ ಎದ್ದು ಹೋಗಿ ಪೆಟ್ಟಿಗೆ ಚಿಲಕ ಕಳಚೋಳು, ಆಮೇಲೆ ಗೋಡೆ ಸುಣ್ಣ ಕೆರೆಯೋಳು. ಯಾಕವ್ವಾ ಹಿಂಗೆ ಮಾಡ್ತಿ ಅಂತ ಅಪ್ಪ ಕೇಳಿದರೆ, ಗೊತ್ತಿಲ್ಲಪ್ಪ, ಬೆರಳ ತುದೀಲಿ ಇರುವೆ ಹರಿದಂಗೆ ಆಗ್ತದೆ, ಸುಮ್ಮನಿದ್ದರೆ ಹುಚ್ಚೇ ಹಿಡೀತದೆ ಅನ್ಸುತ್ತೆ ಅಂದು ಕಣ್ಣಲ್ಲಿ ನೀರು ತುಂಬ್ಕೊಳ್ಳೋಳಂತೆ. ತಾಯತ ಕಟ್ಟಿಸಿದರು, ಅದರ ದಾರ ಬಿಚ್ಚಿದಳು. ಕಷಾಯ ಕುಡಿಸಿದರು, ಕುಡಿದು ಬಟ್ಟಲಿನ ಹಿಡಿ ಕಿತ್ತಳು.

ಹಿಂಗಿರೋವಾಗ ಬೊಮ್ಮಣ್ಣ ನಾಯಕನಿಗೆ ವಯಸ್ಸಾಯ್ತು, ಮಗಳಿಗೆ ಪಟ್ಟ ಕಟ್ಟಬೇಕು ಅಂದ. ಆದರೆ ಆ ಕೋಟೇಲಿ ಒಂದು ಕಟ್ಟಳೆ ಇತ್ತಂತೆ. ಪಟ್ಟಕ್ಕೆ ಬರೋರು ಸೂರ್ಯ ಹುಟ್ಟಿದಾಗ ಪೀಠದ ಮೇಲೆ ಕೂತರೆ ಸೂರ್ಯ ನೆತ್ತಿಗೆ ಬರೋ ತನಕ ಏಳಬಾರದು, ಹಳ್ಳಿಯೋರು ಹೇಳೋ ಅಹವಾಲನ್ನೆಲ್ಲ ಕೂತು ಕೇಳಬೇಕು. ನಡುವೆ ಎದ್ದರೋ, ಪಟ್ಟ ದಾಯಾದಿಗೆ. ಆ ದಾಯಾದಿ ಯಾರು ಅಂದರೆ ಕಾಟವ್ವನ ಚಿಕ್ಕಪ್ಪ ಕೆಂಚಣ್ಣ. ನೋಡ್ಕೋ ಅಂತ ಅವನ ಕೈಗೆ ಎರಡು ಹಳ್ಳಿ ಕೊಟ್ಟರೆ ಕೆರೆಯ ತೂಬಿಗೇ ಬೀಗ ಹಾಕಿದ್ದ ಮಹಾನುಭಾವ.

ಪಟ್ಟದ ದಿನಕ್ಕೆ ಒಂದೇ ತಿಂಗಳು. ಬೊಮ್ಮಣ್ಣ ಡಂಗುರ ಹೊಡೆಸಿದ, ನನ್ನ ಮಗಳು ಏಳದೆ ಕೂತಿರೋ ಅಂಥ ಪೀಠ ಯಾರಾದರೂ ಮಾಡ್ಕೊಡಿ ಅಂತ.

ಮೊದಲು ಒಬ್ಬ ಬಡಗಿ ಬೀಟೆ ಮರದ ಪೀಠ ತಂದನಂತೆ. ಅದರ ತುಂಬ ಆನೆ ಸಾಲು. ಕಾಟವ್ವ ಕೂತಳು, ಒಂದು ಆನೆಯ ಸೊಂಡಿಲು ಅಲ್ಲಾಡಿತು, ಅದನ್ನ ಕಿತ್ತು ಕೈಗೆ ತಗೊಂಡು ಎದ್ದು ಹೋದಳು. ಆಮೇಲೆ ಇನ್ನೊಬ್ಬ ತೂಗುಮಣೆ ತಂದ. ಕೂತಳು, ತೂಗಿದಳು, ತೂಗ್ತಾ ತೂಗ್ತಾ ಹಗ್ಗದ ಗಂಟು ಬಿಚ್ಚಿ ಧೊಪ್ಪಂತ ನೆಲಕ್ಕೆ ಬಿದ್ದಳು. ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ. ಕಟ್ಟಿ ಹಾಕಿಬಿಡ್ರಪ್ಪ ನನ್ನ, ನಂಗೂ ಸಾಕಾಗಿದೆ ಅಂದಳಂತೆ.

ಮೂರನೆಯವಳು ಬಂದಳು ನೋಡು, ಮೌನಮ್ಮ ಅಂತ ಮುದುಕಿ, ಬಡಗಿ ಈರಾಚಾರಿಯ ಹೆಂಡತಿ. ಗಂಡ ಸತ್ತಮೇಲೆ ಅವನ ಉಳಿ ಬಾಚಿ ಹಿಡಿದು ತಾನೇ ಕೆಲಸ ಮಾಡ್ತಿದ್ದಳಂತೆ. ಪೀಠ ಎಲ್ಲಿ ಅಂದರೆ, ಒಂದು ಹುಣಸೆ ದಿಮ್ಮಿ ಅಂಗಳದಲ್ಲಿ ಉರುಳಿಸಿದಳು. ನನ್ನ ಬೆರಳ ಗಂಟೆಲ್ಲ ಊದ್ಕೊಂಡಿವೆ ಕಣವ್ವ, ಬಾಯಲ್ಲಿ ಹೇಳ್ತೀನಿ, ನೀನು ಮಾಡು ಅಂದಳಂತೆ. ನಂಗೆ ಬರಲ್ವಲ್ಲಜ್ಜಿ ಅಂದಳು ಕಾಟವ್ವ. ಬಿಚ್ಚೋಕೆ ಬರ್ತದಲ್ಲ, ಬಿಚ್ಚೋಳಿಗೆ ಕೂಡಿಸೋದು ಎಷ್ಟು ಹೊತ್ತು, ಹಿಡಿ ಇದನ್ನ ಅಂತ ಉಳಿ ಕೈಗಿಟ್ಟಳು.

ಕಾಟವ್ವ ಉಳಿ ಇಟ್ಟು ಕೊಡತೀಲಿ ಒಂದೇಟು ಹಾಕಿದಳು. ಟಕ್ ಅಂತ ಮರ ಬಿರಿದು ಚಕ್ಕೆ ಹಾರಿತು, ಆ ಪೆಟ್ಟು ಅಂಗೈಯಿಂದ ಮೊಣಕೈ ತನಕ ಝುಂ ಅಂತ ಏರಿತು. ಇನ್ನೊಂದೇಟು. ಮತ್ತೊಂದು. ಊಟಕ್ಕೆ ಕರೆಯೋರು ಬಂದು ಕರೆದೂ ಕರೆದೂ ಹೋದರಂತೆ.

ಸುಲಭಕ್ಕೆ ಬಂತು ಅನ್ಕೋಬೇಡ. ಮೊದಲನೇ ಪೀಠ ಅವಸರಕ್ಕೆ ಸೀಳಿ ಎರಡು ಹೋಳಾಯ್ತು. ಎರಡನೇದಕ್ಕೆ ನಾಲ್ಕು ಕಾಲು ಹಾಕಿದಳು, ಕುಂಟಿತು. ಒಂದು ಕಾಲು ಕೊಯ್ದಳು, ಅತ್ತ ಕುಂಟಿತು, ಇನ್ನೊಂದು ಕೊಯ್ದಳು, ಇತ್ತ ಕುಂಟಿತು, ಕೊಯ್ದೂ ಕೊಯ್ದೂ ಪೀಠ ನೆಲಕ್ಕೇ ಬಂದು ಕೂತಿತಂತೆ. ಸಿಟ್ಟು ಬಂದು ಉಳಿ ಎಸೆದಳು. ಅಂಗಳವೆಲ್ಲ ಸುತ್ತಿದಳು. ತಾನೇ ಹೋಗಿ ಎತ್ಕೊಂಡು ಬಂದಳು. ಪಟ್ಟಕ್ಕೆ ಮೂರು ದಿನ ಇದೆ ಅಜ್ಜಿ, ಏನು ಮಾಡೋಣ ಅಂದಳು. ಒಂದು ಕಾಲು ಕಮ್ಮಿ ಮಾಡು, ಮೂರು ಕಾಲಿನದು ಎಂಥ ಹಳ್ಳದಿಣ್ಣೇಲೂ ಕುಂಟಲ್ಲ ಅಂದಳು ಮುದುಕಿ. ಹಂಗೇ ಮಾಡಿದಳು. ಕಾಲು ಕೂರಿಸಿ, ಬೆಣೆ ಬಡಿದು, ನೆಲಕ್ಕಿಟ್ಟು ಅಲ್ಲಾಡಿಸಿದರೆ, ಊಹೂಂ, ಅಲ್ಲಾಡಲಿಲ್ಲ! ಕಾಟವ್ವ ಅದರ ಸುತ್ತ ಕುಣಿದೇಬಿಟ್ಟಳಂತೆ, ಹೆಬ್ಬೆರಳಲ್ಲಿ ರಕ್ತ ಸುರೀತಿದ್ದರೂ.

ಪಟ್ಟದ ದಿನ ಬಂತು. ಸೂರ್ಯ ಹುಟ್ಟಿದ, ಕಾಟವ್ವ ತನ್ನ ಪೀಠದ ಮೇಲೆ ಕೂತಳು. ಇದೇನು ಹಾಲು ಕರೆಯೋಕೆ ಕೂತಂಗೆ ಅಂತ ಕೆಂಚಣ್ಣ ಅಣಕಿಸಿದ. ಒಂದನೇ ಹಳ್ಳಿ ಗೌಡ ಮಾತಾಡಿದ, ಎರಡನೆಯವನು ಮಾತಾಡಿದ, ಮೂರನೆಯವನು ಮಾತು ಮುಗಿಸಲೇ ಇಲ್ಲ. ಬೆರಳಲ್ಲಿ ಇರುವೆ ಶುರುವಾಯ್ತು. ಕೈ ತಾನಾಗೇ ಪೀಠದ ಅಡಿಗೆ ಹೋಯ್ತು, ಬೆಣೆ ಸಿಕ್ಕಿತು. ಕೀಳಬೇಕು ಅಂತ ಎಳೆದಳು. ಎಳೆದ ಕೂಡಲೆ ಎದೆ ಧಸಕ್ ಅಂತಂತೆ. ಯಾರೋ ಮಾಡಿದ್ದನ್ನ ಬಿಚ್ಚೋವಾಗ ಹಂಗೆ ಆಗಿರಲಿಲ್ಲ, ಇದು ತಾನು ಬಡಿದ ಬೆಣೆ. ಬಿಟ್ಟಳು. ಆದರೆ ಕೈ ಬಿಟ್ಟರೆ ಕಾಲು ಕೇಳಬೇಕಲ್ಲ, ಹಿಮ್ಮಡಿ ಎದ್ದಿತು, ಮಂಡಿ ಎದ್ದಿತು, ಕೆಂಚಣ್ಣ ಕತ್ತು ಮುಂದೆ ಚಾಚಿದ.

ಅಷ್ಟರಲ್ಲಿ ಗುಂಪಿನಿಂದ ಒಬ್ಬಳು ಹೆಂಗಸು ಮುಂದೆ ಬಂದು, ನಂದು ದೊಡ್ಡ ಅಹವಾಲಲ್ಲ ತಾಯಿ, ರಾಗಿಕಲ್ಲಿನ ಗೂಟ ಮುರಿದು ನಾಲ್ಕು ದಿನ ಆಯ್ತು, ನಮ್ಮೂರಲ್ಲಿ ಮಾಡ್ಕೊಡೋರಿಲ್ಲ, ಮಕ್ಕಳಿಗೆ ಹಿಟ್ಟಿಲ್ಲ ಅಂತ ಮುರಿದ ಗೂಟ ತೋರಿಸಿದಳಂತೆ. ಕೊಡು ಇಲ್ಲಿ ಅಂದಳು ಕಾಟವ್ವ. ಮೌನಜ್ಜಿ, ಉಳಿ ತಾ.

ಕೂತಲ್ಲೇ ಗೂಟ ಕೆತ್ತೋಕೆ ಶುರು ಮಾಡಿದಳು. ಪಟ್ಟದ ಮೇಲೆ ಕೂತು ಉಳಿ ಹಿಡಿಯೋದಾ, ಇದು ಸಲ್ಲದು ಅಂತ ಕೆಂಚಣ್ಣ ಎಗರಾಡಿದ. ಎಲ್ಲರಿಗಿಂತ ಹಿರಿಯ ಗೌಡ ಎದ್ದು ನಿಂತು, ಏಳಬಾರದು ಅಂತ ಕಟ್ಟಳೆ ಇದೆಯಪ್ಪ, ಕೈ ಆಡಿಸಬಾರದು ಅಂತ ಯಾವ ಹಿರಿಯರೂ ಹೇಳಿಲ್ಲ ಅಂದನಂತೆ.

ಆಮೇಲೆ ಕೇಳು. ಕೈಗೆ ಕೆಲಸ ಸಿಕ್ಕಿದ್ದೇ ತಡ, ಅವಳ ಕಿವಿ ತೆರೀತಂತೆ. ಒಬ್ಬ ತೊಟ್ಟಿಲ ಕಾಲು ತಂದ, ಇನ್ನೊಬ್ಬ ನೇಗಿಲ ಹಿಡಿ ತಂದ, ಕೆತ್ತುತ್ತಾ ಎಲ್ಲರ ಮಾತೂ ಕೇಳಿದಳು. ಕೆಂಚಣ್ಣನ ಹಳ್ಳಿ ಗೌಡರು ತೂಬಿನ ಬೀಗದ ಮಾತು ಎತ್ತಿದಾಗ ತಲೆ ಎತ್ತದೇ, ಚಿಕ್ಕಪ್ಪ, ಬೀಗದ ಕೈ ಎಲ್ಲಿ, ಆ ಗೌಡರ ಕೈಗೆ ಕೊಡು ಅಂದಳು. ಅಷ್ಟು ಜನದ ಮುಂದೆ ಅವನು ಏನು ಮಾಡ್ತಾನೆ, ಸೊಂಟದಿಂದ ಬಿಚ್ಚಿ ಕೊಟ್ಟ.

ಸೂರ್ಯ ನೆತ್ತಿಗೆ ಬಂದ, ನಗಾರಿ ಬಾರಿಸಿದರು. ಅವಳಿಗೆ ಕೇಳಿಸಲೇ ಇಲ್ಲವಂತೆ. ಬೊಮ್ಮಣ್ಣ ನಾಯಕ ಹತ್ತಿರ ಬಂದು, ಕಾಟವ್ವ, ಮುಗೀತು, ಇನ್ನು ಏಳವ್ವ ಅಂದ. ತಡಿಯಪ್ಪ, ಇನ್ನೊಂದು ಬೆಣೆ ಇದೆ ಅಂದಳು. ಹುಟ್ಟಿದಾಗಿಂದ ಕೂರು ಕೂರು ಅಂತ ಗೋಗರೆದಿದ್ದ ಅಪ್ಪ ರುಮಾಲು ತೆಗೆದು ಪಕ್ಕಕ್ಕಿಟ್ಟ. ಮಗಳ ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ತೊಟ್ಟಿಲ ಕಾಲಿನ ಇನ್ನೊಂದು ತುದಿ ಗಟ್ಟಿಯಾಗಿ ಹಿಡ್ಕೊಂಡನಂತೆ.

ಆಮೇಲೆ ಹದಿನೆಂಟು ಹಳ್ಳೀನೂ ಕಾಟವ್ವ ಚೆನ್ನಾಗಿ ಆಳಿದಳಂತೆ, ತೂಬಿನ ನೀರು ಹೊಲಕ್ಕೆ ಹರೀತಂತೆ, ಮೌನಮ್ಮ ಕೋಟೇಲೇ ಉಳಿದು ಎಲ್ಲರಿಗೂ ಕೆಲಸ ಕಲಿಸಿ ಎಲ್ಲರನ್ನೂ ಬೈಕೊಂಡು ಸುಖವಾಗಿದ್ದಳಂತೆ. ಅವರ ಕತೆ ಅಷ್ಟೇ, ಮುಗೀತು ಮಗ. ಇನ್ನು ಹೊದ್ಕೊಂಡು ಮಗ್ಗುಲಾಗು.